ನೂಲು ಕಡಿದ ಜೇನು

ಕಳೆದ ತಿಂಗಳು ಓಮಲೂರಿನ ಹತ್ತಿರ ಜೇನು ಸಾಕಣೆ ತರಬೇತಿಯೊಂದರ ವರದಿಗೆ ಹೋಗಿದ್ದೆ. ಕಲಿಸುವಾತ ತಗಡಿನ ಡಬ್ಬಿಗೆ ತೆಂಗಿನ ನಾರು ತುರುಕಿ ಬೆಂಕಿ ಹಚ್ಚಿ ಊದಿದ. ಗಾಳಿ ತಿರುಗಿ ಹೊಗೆ ನನ್ನ ಮುಖಕ್ಕೇ ಬಂತು. ಆಮೇಲೆ ಆತ ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಗೆ ಬೀಳಲಿಲ್ಲ. ಸೇಲಂನಲ್ಲಿ ಕನ್ನಡ ಮಾತಿನ ನೇಕಾರರಿದ್ದ ನಮ್ಮ ಹಳೆಯ ಬೀದಿ, ನುಗ್ಗೆಮರದ ಕೆಳಗೊಂದು ಪೆಟ್ಟಿಗೆ, ಇದೇ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಹಿಂದಿನ ಮನೆ ಅತ್ತೆ…

ಅವರು ನಮಗೆ ನೆಂಟರೇನಲ್ಲ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆಯಿತ್ತು, ಅಷ್ಟೇ. ಮದುವೆಯಾಗಿ ಬಂದ ದಿನದಿಂದ ಅವರು ಮಗ್ಗದಲ್ಲಿ ಕೂತವರು. ನಾನು ಹುಟ್ಟುವ ಮೊದಲಿನಿಂದಲೂ ಆ ಮನೆಯಲ್ಲಿ ಲಾಳಿಯ ಸದ್ದು ಇತ್ತು. ಮಂಡಿನೋವು ಹೆಚ್ಚಾಗಿ ಮಗ್ಗದ ಗುಳಿಯೊಳಗೆ ಕಾಲಿಳಿಸಿ ಕೂರಲು ಆಗದಾದಾಗ ಮಗ್ಗ ಬಿಚ್ಚಿದರು. ಗುಳಿ ಮುಚ್ಚಿ ಸಿಮೆಂಟು ಹಾಕಿಸಿ, ಅದರ ಮೇಲೆ ಮಂಚ ಬಂತು. ಅತ್ತೆಗೆ ಆ ಮಂಚದಲ್ಲಿ ನಿದ್ದೆ ಹತ್ತಲಿಲ್ಲ.

"ಮನೆ ಮೂಗಿ ಆದಂಗೈತೆ ಕಣೋ" ಎಂದು ಗೋಡೆಯ ಮೇಲೆ ಕೈಯೂರಿ ನನಗೆ ಹೇಳಿದ್ದರು. ಟೀವಿ ಹಾಕಿದರೆ ತಲೆನೋವು, ರೇಡಿಯೋ ಹಾಕಿದರೆ ಸಿಟ್ಟು. ಕೊಳತ್ತೂರಿನ ಕಡೆ ಬೇಸಾಯ ಮಾಡಿಕೊಂಡಿದ್ದ ತಮ್ಮನ ಮನೆಗೆ ಹೋದಾಗ, ಅಲ್ಲಿನ ಹುಣಸೆಮರದ ಪೊಟರೆಗೆ ಕಿವಿಕೊಟ್ಟು ಒಂದು ಮಧ್ಯಾಹ್ನವಿಡೀ ನಿಂತಿದ್ದರಂತೆ. ಒಳಗೆ ತುಡುವೆ ಜೇನು ಇತ್ತು. ವಾಪಸು ಬರುವಾಗಲೇ ತೀರ್ಮಾನವಾಗಿತ್ತು: ಜೇನು ತಮ್ಮ ಹಿತ್ತಿಲಿಗೆ ಬರಬೇಕು. ತುಪ್ಪದ ಆಸೆ ಅವರಿಗಿರಲಿಲ್ಲ. ಮನೆಯಲ್ಲಿ ಮತ್ತೆ ಒಂದು ಸದ್ದು ಬೇಕಿತ್ತು.

ತಮ್ಮನೇ ಪೆಟ್ಟಿಗೆ ತಂದುಕೊಟ್ಟ. ಪೊಟರೆಯಿಂದ ಬಿಡಿಸಿದ ಜೇನಿನ ಮೇಣದ ಎರಿಗಳನ್ನು ಮರದ ಚೌಕಟ್ಟಿಗೆ ಕಟ್ಟಬೇಕು. ಆತ ಬಾಳೆನಾರು ತೆಗೆದಾಗ ಅತ್ತೆ ಒಪ್ಪಲಿಲ್ಲ. ನೇಯ್ಗೆಯಲ್ಲಿ ಮಿಕ್ಕಿದ್ದ ಹಾಸುನೂಲಿನ ಲಡಿಯನ್ನು ಒಳಗಿನಿಂದ ತಂದರು. ಕಟ್ಟಿದ್ದು ಎಷ್ಟು ನೇರವಾಗಿತ್ತೆಂದರೆ ಸೀರೆಗೆ ಹಾಸು ಹೂಡಿದ ಹಾಗಿತ್ತು. ಅವರು ಹಾಕಿದ ಗಂಟು ಬೆರಳಾಡಿಸಿದರೂ ಸಿಗುತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ಪೆಟ್ಟಿಗೆಯ ಬಾಗಿಲಲ್ಲಿ ನೂಲಿನ ಚೂರುಗಳು ಬಿದ್ದವು. ಅತ್ತೆ ಹೊಗೆ ಊದಿ ಮುಚ್ಚಳ ತೆಗೆದು ನೋಡಿದರು. ಕಟ್ಟು ಕಡಿದಿತ್ತು. ನೂಲು ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಿಯೇ ಮುಂದಿನ ಲಾಳಿ ಎಸೆಯುವುದು… ಆ ಕೈಗೆ ಬೇರೆ ಏನೂ ಗೊತ್ತಿರಲಿಲ್ಲ. ಮತ್ತೆ ಕಟ್ಟಿದರು. ಮರುದಿನ ಮತ್ತೆ ಚೂರು. ಮತ್ತೆ ಹೊಗೆ, ಮತ್ತೆ ಗಂಟು. ಕೈಗೆಲ್ಲ ಕಚ್ಚಿಸಿಕೊಂಡು ಊದಿಸಿಕೊಂಡರು, ಬಿಡಲಿಲ್ಲ.

ಒಂದು ಮಧ್ಯಾಹ್ನ ಜೇನೆಲ್ಲ ಎದ್ದು, ನುಗ್ಗೆಮರವನ್ನು ಒಂದು ಸುತ್ತು ಹಾಕಿ, ಸೂರುಗಳ ಮೇಲೆ ಹಾದು ಹೊರಟುಹೋಯಿತು. ಅತ್ತೆ ಕೈಯಲ್ಲಿ ಲಡಿ ಹಿಡಿದುಕೊಂಡೇ ನಿಂತಿದ್ದರು. ಉಕ್ಕಿನ ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿದ್ದ ಅವರ ಗಂಡ, ನಮಗೆಲ್ಲ ಮಾವ, ಬಾಗಿಲಲ್ಲಿ ಕೂತು ನೋಡುತ್ತಿದ್ದರು.

"ಬರೀ ಕಟ್ಟಿದ್ದು ಸಾಲ್ದು ಕಣೇ. ಒಂದೊಂದಕ್ಕೂ ಸೀರೆ ಉಡಿಸ್ಬೇಕಾಗಿತ್ತು."

"ಸುಮ್ಕಿರಿ. ನಿಮ್ಗೆ ಅವು ಇದ್ರೂ ಕೇಳಲ್ಲ, ಓದ್ರೂ ಕೇಳಲ್ಲ."

ಅದು ನಿಜವೇ. ಕಾರ್ಖಾನೆ ಮಾವನ ಕಿವಿಯನ್ನು ತಿಂದಿತ್ತು. ಹತ್ತಿರ ನಿಂತು ಗಟ್ಟಿಯಾಗಿ ಕೂಗಿದರೆ ಮಾತ್ರ ಕೇಳುತ್ತಿತ್ತು. ಇಷ್ಟು ವರ್ಷ ಆ ಮಗ್ಗದ ಪಕ್ಕದಲ್ಲೇ ಅವರು ಹಾಯಾಗಿ ಮಲಗಿದ್ದರು.

ಸಂಜೆ ಹಿತ್ತಿಲಲ್ಲಿ ನಿಂತು ಸ್ಪೀಕರ್ ಹಾಕಿ ತಮ್ಮನಿಗೆ ಫೋನು ಮಾಡಿದರು. ಆತ ನಕ್ಕ ಸದ್ದು ಗೋಡೆಯಾಚೆ ನನಗೂ ಕೇಳಿತು. "ಅಕ್ಕಾ, ಎರಿ ಮರಕ್ಕೆ ಅಂಟ್ಕೊಂಡ ಮ್ಯಾಗೆ ನೂಲು ಅವಕ್ಕೆ ಬ್ಯಾಡ. ಅವೇ ಕಡ್ದು ಆಚೆ ಆಕ್ತವೆ. ನೀನು ದಿನಾ ಬಾಗ್ಲು ತೆಗುದ್ರೆ ಯಾರ್ ಇರ್ತಾರೆ?" ಅತ್ತೆ ಫೋನಿಟ್ಟರು. ಎರಡು ದಿನ ಗೋಡೆಯ ಹತ್ತಿರ ಬರಲಿಲ್ಲ.

ತಮ್ಮನೇ ಎರಡನೆಯ ಸಲ ಜೇನು ತಂದುಕೊಟ್ಟಾಗ ಅತ್ತೆ ಕಲಿಯಬೇಕಾಗಿದ್ದುದು ಕೈ ಕಟ್ಟಿ ಕೂರುವುದನ್ನು. ನೂಲಿನ ಚೂರು ಬಿದ್ದಾಗ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ಮಣೆ ಹಾಕಿ ಕೂತಿದ್ದರು. ಬೆರಳುಗಳು ಸೆರಗಿನ ಒಳಗೇ ಆಡುತ್ತಿದ್ದವು. ಆಮೇಲೆ ಇರುವೆ ಹತ್ತಿದವು. ಪೆಟ್ಟಿಗೆಯ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟರು. ಬೇಸಿಗೆಯಲ್ಲಿ ಹೂವಿಲ್ಲದೆ ಜೇನು ಸೊರಗಿತು. ತೆಂಗಿನ ಚಿಪ್ಪಿನಲ್ಲಿ ಸಕ್ಕರೆ ನೀರು ಇಟ್ಟರು. ಒಂದು ಮಗುವಿಗೆ ಕಚ್ಚಿ ಬೀದಿಯಲ್ಲಿ ಜಗಳವೂ ಆಯಿತು. ಜೇನು ಮಾತ್ರ ಹೋಗಲಿಲ್ಲ.

ನುಗ್ಗೆ ಹೂಬಿಟ್ಟ ಮೇಲೆ ಒಂದು ಲೋಟದಷ್ಟು ತುಪ್ಪ ಸಿಕ್ಕಿತು. "ಪಾಟ್ಟಿ, ತೇನ್ ಇರುಕ್ಕಾ?" ಎಂದು ತಮಿಳಿನಲ್ಲಿ ಅಜ್ಜಿಯನ್ನು ಜೇನು ಕೇಳುತ್ತ ಬೀದಿಯ ಮಕ್ಕಳೆಲ್ಲ ಅಂಗೈ ಚಾಚಿದರು. ಕಚ್ಚಿಸಿಕೊಂಡ ಮಗುವಿಗೆ ಮೊದಲ ಚಮಚ. ಮಾವ ನೆಕ್ಕಿ, "ಬೆಲ್ಲ ಇದ್ಕಿಂತ ವಾಸಿ" ಎಂದು ಮತ್ತೆ ಕೈ ಚಾಚಿದರು.

ಮಧ್ಯಾಹ್ನಗಳಲ್ಲಿ ಅತ್ತೆ ಮಂಚವನ್ನು ಹಿತ್ತಿಲ ಬಾಗಿಲಿಗೆ ಎಳೆಸಿ ಮಲಗುತ್ತಿದ್ದರು. ನಿದ್ದೆ ಬರುತ್ತಿತ್ತು. ಸಂಜೆ ಪೆಟ್ಟಿಗೆಗೆ ಕಿವಿಯಿಟ್ಟು, ಗಂಡನ ಹತ್ತಿರ ಬಂದು ಗಟ್ಟಿಯಾಗಿ ಸುದ್ದಿ ಹೇಳುವರು. ಇವತ್ತು ಗೆಲುವಾಗವೆ. ಇವತ್ತು ಮುನ್ಸಿಕೊಂಡವೆ. ಇವತ್ತು ಮಳೆ ಬತ್ತದೆ ಅಂತಾವೆ. ಮಾವ ತಲೆಯಾಡಿಸಿ ಕೇಳುವರು.

ಕೆಲಸದ ಮೇಲೆ ನಾನು ಆ ಬೀದಿ ಬಿಟ್ಟೆ. ಅತ್ತೆ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಸಾವಿಗೂ ಹೋಗಲಾಗಲಿಲ್ಲ, ತಿಥಿಗೂ ಹೋಗಲಾಗಲಿಲ್ಲ…

ತರಬೇತಿ ಮುಗಿದ ಸಂಜೆ ಓಮಲೂರಿನಿಂದ ನೇರವಾಗಿ ಅಲ್ಲಿಗೆ ಹೋದೆ. ಮಾವ ಹಿತ್ತಿಲಲ್ಲಿದ್ದರು. ನನ್ನನ್ನು ಗುರುತಿಸಿ, ಕೈ ಹಿಡಿದು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಬಟ್ಟಲುಗಳಲ್ಲಿ ನೀರು ತುಂಬಿತ್ತು.

"ಕಿವಿ ಇಟ್ಟು ನೋಡ್ಲಾ."

ಇಟ್ಟೆ. ಒಳಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

"ಇದ್ದಾವೆ ಮಾವ" ಎಂದು ಕೂಗಿದೆ.

"ಇರೋದು ನಂಗೂ ಕಾಣ್ತೈತೆ. ಎಂಗವೆ, ಅದೇಳು."

ಮತ್ತೆ ಕಿವಿಯಿಟ್ಟೆ. ಹೆಚ್ಚು ಹೊತ್ತೇ ಇಟ್ಟೆ. ಗೆಲುವೋ, ಮುನಿಸೋ, ಮಳೆಯೋ, ನನಗೆ ಎಲ್ಲವೂ ಒಂದೇ ಸದ್ದು. ಗೊತ್ತಾಗಲಿಲ್ಲ ಎಂದು ಕೈ ಅಲ್ಲಾಡಿಸಿದೆ. ಮಾವ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಒಳಗೆ ಹೋಗಿ ದೀಪ ಹಾಕಿದರು.