ಮೈಲಾರನ ಹೆಸರಿಗೆ ಬಿಟ್ಟ ಕುದುರೆ

ಕೊಟ್ಟೂರಿನ ನಮ್ಮ ಮನೆಗೆ ಬಂದ ನೆಂಟರು ಮೊದಲು ನೋಡುತ್ತಿದ್ದದ್ದು ಕುದುರೆಯ ಹಿಂಭಾಗವನ್ನು. ನಮ್ಮ ಕಡೆಯ ಹಳೇ ಮನೆಗಳ ರೀತಿಯೇ ಹಾಗೆ. ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದರಾಚೆ ಎರಡಡಿ ಎತ್ತರದಲ್ಲಿ ಮನುಷ್ಯರು ಕೂರುವ, ಮಲಗುವ ಪಡಸಾಲೆ. ನಮ್ಮಲ್ಲಿ ದನ ಇರಲಿಲ್ಲ. ಆ ಜಾಗದಲ್ಲಿ ಅಪ್ಪನ ಜಟಕಾ ಎಳೆಯುವ ಕಂದು ಬಣ್ಣದ ಹೆಣ್ಣು ಕುದುರೆ ಇತ್ತು. ಅದು ಬಾಲ ಎತ್ತಿದರೆ ಎಲ್ಲರೂ ಮಾತು ನಿಲ್ಲಿಸಿ ಕಾಯುವುದು, ಅದರ ಕೆಲಸ ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ನಮ್ಮ ಮನೆಯ ಶಿಷ್ಟಾಚಾರವಾಗಿತ್ತು.

ಅದರ ಸ್ವಭಾವ ಒಳ್ಳೆಯದಿತ್ತು ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಕಚ್ಚುತ್ತಿತ್ತು. ಹೆಗಲ ಮೇಲೆ ಟವೆಲ್ ಹಾಕಿದವರನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ, ಟವೆಲ್ ಹಾಕದ ಗಂಡಸು ನಮ್ಮೂರಲ್ಲಿ ಇರಲಿಲ್ಲ. ಅಪ್ಪನೊಬ್ಬನ ಮಾತು ಕೇಳುತ್ತಿತ್ತು. ಬೆಲ್ಲ ತೋರಿಸಿದರೆ ನನ್ನ ಮಾತೂ ಕೇಳುತ್ತಿತ್ತು. ಅಪ್ಪ ಅವ್ವನ ಜೊತೆ ಒಂದು ವರ್ಷಕ್ಕೆ ಆಡುವಷ್ಟು ಮಾತನ್ನು ಕುದುರೆಯ ಜೊತೆ ಒಂದೇ ಬೆಳಿಗ್ಗೆ ಆಡಿ ಮುಗಿಸುತ್ತಿದ್ದ. ಅವ್ವ ಅದಕ್ಕೆ ಬೇಸರ ಪಟ್ಟದ್ದು ನಾನು ಕಾಣೆ. ಅಪ್ಪನ ಮಾತು ಕೇಳುವ ಕಷ್ಟ ಇನ್ಯಾರೋ ಅನುಭವಿಸುತ್ತಿದ್ದಾರಲ್ಲ ಎಂದು ನೆಮ್ಮದಿಯಾಗಿ ರೊಟ್ಟಿ ಬಡಿಯುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಮಾತು. ಊರಿಗೆ ಆಟೋಗಳು ಬಂದಿದ್ದವು, ಜಟಕಾ ಸ್ಟ್ಯಾಂಡಿನಲ್ಲಿ ಉಳಿದದ್ದು ಮೂರೇ ಗಾಡಿ. ಅದರಲ್ಲಿ ನಮ್ಮದೊಂದು. ಅದರಿಂದಲೇ ನಾಲ್ಕು ಹೊಟ್ಟೆ ತುಂಬಬೇಕಿತ್ತು: ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತು ಒಂಬತ್ತನೇ ಇಯತ್ತೆಯ ನಾನು. ಕುದುರೆಯದು ಐದನೆಯದು, ಎಲ್ಲಕ್ಕಿಂತ ದೊಡ್ಡದು.

ಆ ವರ್ಷವೇ ಕಳ್ಳತನ ಶುರುವಾದದ್ದು. ಮೊದಲು ಹಡಗಲಿ ಕಡೆ, ಮಾಗಳದ ಹೊಳೆ ದಂಡೆಯಲ್ಲಿ ಮೇಯುತ್ತಿದ್ದ ಮಡಿವಾಳರ ಕತ್ತೆಗಳು ಮಾಯವಾದವು. ಆಮೇಲೆ ಕೂಡ್ಲಿಗಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದವನ ಬಿಳಿ ಕುದುರೆ ಹೋಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಕುರಿಗಾರರ ಸಾಮಾನು ಹೊರುವ ತಟ್ಟು ಕುದುರೆಗಳು ಹೋದವು. ಕಡಿದು ಮಾಂಸವನ್ನು ಆಂಧ್ರದ ಕಡೆ ಸಾಗಿಸುತ್ತಾರೆ ಎಂಬ ಸುದ್ದಿ ಬಂತು. ಯಾರು ತಿನ್ನುತ್ತಾರೆ, ಯಾಕೆ ತಿನ್ನುತ್ತಾರೆ ಎಂಬುದಕ್ಕೆ ಚಹಾದಂಗಡಿಯಲ್ಲಿ ದಿನಕ್ಕೊಂದು ಉತ್ತರ ಸಿಗುತ್ತಿತ್ತು. ಸೊಂಟನೋವಿಗೆ ಒಳ್ಳೆಯದು ಅಂತ ಒಬ್ಬ, ಓಡುವ ಶಕ್ತಿ ಬರುತ್ತದೆ ಅಂತ ಇನ್ನೊಬ್ಬ. ಊರಿಗೆ ಬಂದ ಹೊರಗಿನವರ ಮೇಲೆಲ್ಲ ಅನುಮಾನ. ಪಾತ್ರೆಗೆ ಕಲಾಯಿ ಹಾಕಲು ಬಂದ ಒಬ್ಬ ಮುದುಕನನ್ನು ಜನ ಎರಡು ತಾಸು ಕೂರಿಸಿಕೊಂಡು ವಿಚಾರಿಸಿ, ಕೊನೆಗೆ ಅವನಿಂದಲೇ ಪಾತ್ರೆ ಕಲಾಯಿ ಮಾಡಿಸಿಕೊಂಡು ಕಳಿಸಿದರು.

ಅಪ್ಪನಿಗೆ ಊಟ ರುಚಿಸದಾಯಿತು. ಬಾಗಿಲಿಗೆ ಹೊಸ ಬೀಗ ತಂದ. ಬೀಗ ಎಷ್ಟು ದೊಡ್ಡದಿತ್ತೆಂದರೆ, ಅದರ ಭಾರಕ್ಕೆ ನಮ್ಮ ಹುಳ ಹಿಡಿದ ಬಾಗಿಲಿನ ಚಿಲಕವೇ ಕಿತ್ತು ಬಂತು. ಕುದುರೆಯ ಕಾಲಿಗೆ ಕಬ್ಬಿಣದ ಸರಪಳಿ ಹಾಕಿದ. ಅದು ಕಾಲು ಝಾಡಿಸಿದಾಗಲೆಲ್ಲ ಜೈಲಿನಲ್ಲಿ ಮಲಗಿದಂತಾಗುತ್ತಿತ್ತು. ಕಾವಲಿಗೆಂದು ಒಂದು ನಾಯಿಯನ್ನೂ ಹಿಡಿದು ತಂದ. ಕುದುರೆ ಮೊದಲ ದಿನವೇ ಅದಕ್ಕೊಂದು ಒದ್ದಿತು, ನಾಯಿ ಆಚೆ ಓಣಿಯ ಕಾವಲಿಗೆ ಹೋಯಿತು.

ಆಗ ಅಜ್ಜಿ ಒಂದು ಉಪಾಯ ಹೇಳಿದಳು. ಅಜ್ಜಿ ಜಟಕಾದವನ ಹೆಂಡತಿಯಾಗಿ ನಲವತ್ತು ವರ್ಷ ಕುದುರೆಗಳ ಲದ್ದಿ ಬಳಿದವಳು, ಕುದುರೆ ವಿಷಯದಲ್ಲಿ ಅವಳ ಮಾತೇ ಕೊನೆ.

"ಮೈಲಾರಪ್ಪನ ಹೆಸರಿಗೆ ಬಿಟ್ಟುಬಿಡೋಣು. ದೇವರಿಗೆ ಬಿಟ್ಟಿದ್ದು ಯಾವ ಮಗನೂ ಮುಟ್ಟಂಗಿಲ್ಲ."

ಹಡಗಲಿ ತಾಲೂಕಿನ ಮೈಲಾರ ಕ್ಷೇತ್ರದ ಈ ದೇವರ ವಾಹನ ಕುದುರೆ. ದೇವರ ಹೆಸರಿಗೆ ಬಿಟ್ಟ ಕೋಣ, ಬಸವಗಳನ್ನು ನಮ್ಮ ಕಡೆ ಯಾರೂ ಕಟ್ಟುವುದಿಲ್ಲ, ಹೊಡೆಯುವುದಿಲ್ಲ. ಹೊಲ ಮೇಯ್ದರೂ ಕೈಮುಗಿದು ಆಚೆ ಕಳಿಸುತ್ತಾರೆ. ಹಾಗಿರುವಾಗ ಬೀಗ, ಸರಪಳಿಗಿಂತ ಒಂದು ಚಿಟಿಕೆ ಭಂಡಾರದ ಅರಿಶಿನ ಅಗ್ಗ, ಗಟ್ಟಿ ಎಂಬುದು ಅಜ್ಜಿಯ ಲೆಕ್ಕ.

ಅಪ್ಪ ತಲೆ ಕೆರೆದುಕೊಂಡ. "ಬಿಟ್ಟ ಮ್ಯಾಲ ಗಾಡಿಗೆ ಹೂಡೋದು ಹೆಂಗಬೇ?"

"ಬಿಟ್ಟೀವಿ ಅಂತ ಅಂದ್ರ ಸಾಕು. ಖರೇನ ಬಿಡು ಅಂದ್ನೇನು ನಾನು?"

ದೇವರಿಗೆ ಹೀಗೆ ಟೋಪಿ ಹಾಕುವ ಯೋಜನೆಗೆ ನಾವ್ಯಾರೂ ಬೇಡ ಅನ್ನಲಿಲ್ಲ. ಭಾನುವಾರ ಮೈಲಾರನ ಭಕ್ತನಾದ ಒಬ್ಬ ಗೊರವಯ್ಯನನ್ನು ಕರೆಸಿದೆವು. ಮೈತುಂಬ ಕರಿ ಕಂಬಳಿ, ಕೈಯಲ್ಲಿ ಡಮರುಗ, ಹೆಗಲಿಗೆ ಭಂಡಾರದ ಚೀಲ. ಸುಮ್ಮನೆ ಹಣೆಗಿಷ್ಟು ಅರಿಶಿನದ ಪುಡಿ ಬಳಿದು ಹೋಗು ಎಂದು ಅಪ್ಪ ಕಿವಿಯಲ್ಲಿ ಹೇಳಿದ್ದ. ಆದರೆ ಬಾಗಿಲ ಮುಂದೆ ಓಣಿಯ ಜನ ಸೇರಿದ್ದು ನೋಡಿ ಗೊರವಯ್ಯನಿಗೆ ಹುರುಪು ಬಂತು. ಡಮರುಗ ಬಾರಿಸಿದ, ಕುಣಿದ, "ಏಳು ಕೋಟಿಗೋ" ಎಂದು ಮೈಲಾರನಿಗೆ ಜಯಕಾರ ಕೂಗಿದ. ಕುದುರೆಯ ಕೊರಳಿಗೆ ಗಂಟೆ ಕಟ್ಟಿ, ಬೆನ್ನಿನಿಂದ ಬಾಲದವರೆಗೆ ಹಳದಿ ಮಾಡಿ, ಇದು ಇನ್ನು ಮೇಲೆ ಮೈಲಾರಪ್ಪನದು, ಮನುಷ್ಯರದಲ್ಲ ಎಂದು ಸಾರಿಬಿಟ್ಟ. ಹೋಗುವಾಗ ಕುದುರೆ ಅವನ ಕಂಬಳಿಗೆ ಬಾಯಿ ಹಾಕಿತು. ಜನ ಅದನ್ನೂ ಶುಭವೆಂದೇ ತಿಳಿದರು.

ಮರುದಿನ ಅಪ್ಪ ಗಾಡಿ ಹೂಡಿಕೊಂಡು ಸ್ಟ್ಯಾಂಡಿಗೆ ಹೋದ. ದಿನಾ ಬರುವ ಗಿರಾಕಿ ಹೆಂಗಸು ಕುದುರೆಯ ಕಾಲಿಗೆ ನಮಸ್ಕಾರ ಮಾಡಿದಳು, ಬುಟ್ಟಿಯಿಂದ ಒಂದು ಬಾಳೆಹಣ್ಣು ತಿನ್ನಿಸಿದಳು, ಪಕ್ಕದ ಆಟೋ ಹತ್ತಿದಳು.

"ಯಾಕಬೇ ಯಕ್ಕಾ, ಹತ್ತೋದಿಲ್ಲೇನು?" ಅಂದ ಅಪ್ಪ.

"ದೇವರ ಕುದುರಿ ಎಳಿಯೋ ಗಾಡ್ಯಾಗ ಕುಂತ್ಕಳಾಕ ನಾನೇನು ಮೈಲಾರಪ್ಪೇನು? ನೀನರ ಹೆಂಗ ಹೂಡಿದ್ಯೋ ಮಾರಾಯ, ಕೈ ಬಿದ್ದು ಹೋದಾವು."

ಒಂದು ವಾರ ಹೀಗೇ ನಡೆಯಿತು. ಕುದುರೆಯ ಹೊಟ್ಟೆಗೆ ಬಾಳೆಹಣ್ಣು, ಬೆಲ್ಲ, ನೆನೆಸಿದ ಕಡಲೆ. ಅಪ್ಪನ ಹೊಟ್ಟೆಗೆ ಬೈಗುಳ. ಕಡೆಗೆ ಅವನು ಗಾಡಿಯನ್ನು ಗೋಡೆಗೆ ಒರಗಿಸಿ ಶೇಂಗಾ ಮಿಲ್ಲಿಗೆ ಮೂಟೆ ಹೊರಲು ಹೋದ. ಕುದುರೆ ಊರಿನ ಬೀದಿಗಳಲ್ಲಿ ಗಂಟೆ ಅಲ್ಲಾಡಿಸುತ್ತ ತಿರುಗಿ, ಸಂತೆಯಲ್ಲಿ ತನಗೆ ಬೇಕಾದ ಅಂಗಡಿಯಲ್ಲಿ ಬೇಕಾದ ಸೊಪ್ಪು ತಿಂದು, ಸಂಜೆ ತಾನಾಗಿ ಮನೆಗೆ ಬರುತ್ತಿತ್ತು. ಅದು ಕಚ್ಚಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯೂ ಹುಟ್ಟಿತು. ಪರೀಕ್ಷೆಯಲ್ಲಿ ಫೇಲಾದ ಒಬ್ಬ ಟವೆಲ್ ಹಾಕಿಕೊಂಡು ಬಂದು ಅದರ ಮುಂದೆ ನಿಂತದ್ದನ್ನು ನಾನೇ ಕಂಡಿದ್ದೇನೆ. ಅಪ್ಪ ಮಾತ್ರ ಸಂಜೆ ಮಿಲ್ಲಿನಿಂದ ಬಂದು, ಬೆನ್ನಿನ ಮೇಲಿನ ಶೇಂಗಾ ಸಿಪ್ಪೆಯ ಧೂಳನ್ನೂ ಕೊಡವದೆ, ಅದರ ಮೈ ತಿಕ್ಕುತ್ತ ನಿಲ್ಲುತ್ತಿದ್ದ. ಕೂಲಿ ಹೊತ್ತರೂ ಪರವಾಗಿಲ್ಲ, ಕುದುರೆ ಜೀವಂತ ಐತಲ್ಲ ಅನ್ನುತ್ತಿದ್ದ.

ಮುಂದಿನ ಹುಣ್ಣಿಮೆಗೆ ಎರಡು ದಿನ ಇರುವಾಗ, ಬೆಳಿಗ್ಗೆ ಹತ್ತು ಗಂಟೆಗೆ, ಅಪ್ಪ ಮಿಲ್ಲಿಗೆ ಹೋದ ಮೇಲೆ, ಕುದುರೆ ಇನ್ನೂ ತಿರುಗಾಟಕ್ಕೆ ಹೊರಡುವ ಮೊದಲು, ನಮ್ಮ ಬಾಗಿಲ ಮುಂದೆ ಒಂದು ಟೆಂಪೋ ನಿಂತಿತು. ಇಳಿದವರು ಇಬ್ಬರು. ಹಣೆ ತುಂಬ ಭಂಡಾರ, ಹೆಗಲಲ್ಲಿ ಕಂಬಳಿ, ಮಾತು ನಮ್ಮ ಹಾಗೆಯೇ.

"ದೇವರ ಕುದುರಿ ಇದ ಮನ್ಯಾಗ ಐತಂತಲ್ರಿ ಅಮ್ಮ," ಎಂದು ಅವರಲ್ಲೊಬ್ಬ ಅಜ್ಜಿಯ ಕಾಲಿಗೆ ಬಿದ್ದ. "ಹುಣ್ಣಿಮಿಗೆ ಕ್ಷೇತ್ರಕ್ಕ ಹೋಗಿ ಮೈಲಾರಪ್ಪಗ ಮುಖ ತೋರಿಸಿ ಬರಬೇಕ್ರಿ. ಸುತ್ತಲ ಕುದುರಿ ಎಲ್ಲಾ ನಾವ ಒಯ್ಯಾಕತ್ತೀವಿ. ಹುಣ್ಣಿಮಿ ಮರುದಿನ ತಂದು ಬಿಡ್ತೀವ್ರಿ."

ಕಲಾಯಿಯ ಮುದುಕನನ್ನು ಎರಡು ತಾಸು ವಿಚಾರಿಸಿದ ಊರು ಇವರನ್ನು ಒಂದು ಮಾತೂ ಕೇಳಲಿಲ್ಲ. ಎದುರು ಮನೆಯವರು ತೆಂಗಿನಕಾಯಿ ಒಡೆದರು. ಹಿಂದಿನ ಓಣಿಯವರು ಅವರ ಕೈಗೆ ಕಾಣಿಕೆ ಕೊಟ್ಟರು. ದೇವರಿಗೆ ಸುಳ್ಳು ಹೇಳಿದ ಅಳುಕು ಅಜ್ಜಿಗೆ ಒಳಗೊಳಗೇ ಇತ್ತೆಂದು ಕಾಣುತ್ತದೆ. ಪ್ರಾಯಶ್ಚಿತ್ತಕ್ಕೆ ಒಳ್ಳೇ ದಾರಿ ಸಿಕ್ಕಿತೆಂದು ಅವಳೇ ಆರತಿ ಬೆಳಗಿದಳು, ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಟ್ಟಳು. ಅವ್ವ ಮಾತ್ರ, "ಅವರು ಬರ್ಲಿ, ಒಂದು ಮಾತು ಕೇಳೋಣು," ಅಂದಳು. ದೇವರ ಕೆಲಸಕ್ಕೆ ಗಂಡನನ್ನು ಕೇಳಬೇಕೇನು ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದಳು.

ಕುದುರೆಗೆ ಮಾತ್ರ ಮೋಸ ತಿಳಿಯಿತು. ಟೆಂಪೋಗೆ ಒರಗಿಸಿದ ಹಲಗೆಯ ಮೇಲೆ ಕಾಲಿಡಲೊಲ್ಲದು. ಒಬ್ಬನ ತೋಳಿಗೆ ಬಾಯಿ ಹಾಕಿತು, ಇನ್ನೊಬ್ಬನನ್ನು ಗೋಡೆಗೆ ಒತ್ತಿತು. ಆಗ ಅಜ್ಜಿ ನನ್ನನ್ನು ಕರೆದಳು. ನಾನು ಒಳಗೆ ಓಡಿ ಬೆಲ್ಲದ ಚೂರು ತಂದೆ, ಟೆಂಪೋ ಹತ್ತಿ ನಿಂತು ಅಂಗೈ ಚಾಚಿದೆ. ಕುದುರೆ ಕಿವಿ ನಿಗುರಿಸಿ ನನ್ನನ್ನು ನೋಡಿತು, ಆಮೇಲೆ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿ ಬಂತು. ನಾನು ಹೆಮ್ಮೆಯಿಂದ ಕೆಳಗೆ ಜಿಗಿದೆ. ಇಷ್ಟು ವರ್ಷವಾದರೂ ಆ ಹೆಮ್ಮೆ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ಖಾಲಿ ಗೂಟ ನೋಡಿ, ಅಜ್ಜಿ ಹೇಳಿದ್ದೆಲ್ಲ ಕೇಳಿ, ಬಸ್ ಸ್ಟ್ಯಾಂಡಿಗೆ ಓಡಿದ. ಹಡಗಲಿಗೆ ಹೋಗಿ, ಅಲ್ಲಿಂದ ಮೈಲಾರಕ್ಕೆ ಹೋಗಿ, ಹುಣ್ಣಿಮೆ ಮುಗಿಯುವವರೆಗೆ ಅಲ್ಲೇ ಕಾದ. ಕುದುರೆ ಬರಲಿಲ್ಲ. ಮುಖ ತೋರಿಸುವ ಪದ್ಧತಿಯೂ ಇಲ್ಲ, ಕುದುರೆ ಒಯ್ಯುವವರೂ ಇಲ್ಲ, ಯಾರು ಹೇಳಿದರು ನಿಮಗೆ ಎಂದು ಅಲ್ಲಿನ ಗೊರವರೇ ಕೇಳಿದರಂತೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಎಲ್ಲ ಕಡೆ ತಿರುಗಿ ಬಂದ. ಠಾಣೆಗೆ ಹೋದಾಗ ಅರ್ಜಿ ಬರೆದುಕೊಳ್ಳುತ್ತಿದ್ದ ರೈಟರ್, ಒಡೆಯ ಯಾರು ಎಂಬ ಕಡೆ ಬಂದು ಪೆನ್ನು ಕಚ್ಚುತ್ತ ಕುಳಿತ.

"ದೇವರದು ಅಂತೈತಲ್ಲಪ್ಪ ಊರು. ಏನಂತ ಬರೀಲಿ?"

"ಕಳುವು ಆಗೋ ತನಕ ದೇವರದು, ಈಗ ನಂದು ಅಂತ ಬರೀರಿ," ಅಂದ ಅಪ್ಪ.

ಅವನು ಹಾಗೆಯೇ ಬರೆದುಕೊಂಡನಂತೆ. ಆ ಕಾಗದ ಎಲ್ಲಾದರೂ ಉಳಿದಿದ್ದರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ನನಗೆ ಆಸೆ.

ಅಂದಿನಿಂದ ಅಪ್ಪ ಅಜ್ಜಿಯ ಜೊತೆ ಮಾತು ಬಿಟ್ಟ. ಮನೆಯಲ್ಲಿ ಜಗಳವಿಲ್ಲ, ಬೈಗುಳವಿಲ್ಲ, ಅಪ್ಪ ಅವಳ ಮುಂದಿನಿಂದಲೇ ಹಾದುಹೋಗುತ್ತಿದ್ದ, ನೋಡುತ್ತಿರಲಿಲ್ಲ. ಅಜ್ಜಿ ಊಟ ಕಡಿಮೆ ಮಾಡಿದಳು. ಪಡಸಾಲೆಯ ಅಂಚಿನಲ್ಲಿ ಬಾಗಿಲಿಗೆ ಮುಖ ಮಾಡಿ ಕೂತರೆ ಏಳುತ್ತಿರಲಿಲ್ಲ. ನನ್ನ ತಪ್ಪೂ ಇತ್ತು. ಆದರೆ ಅಜ್ಜಿ ಬೆಲ್ಲದ ಮಾತನ್ನು ಅಪ್ಪನಿಗೆ ಹೇಳಲೇ ಇಲ್ಲ, ಎಲ್ಲವನ್ನೂ ತಾನೇ ಹೊತ್ತುಕೊಂಡಳು. ನಾನು ಹೇಡಿಯ ಹಾಗೆ ಸುಮ್ಮನಿದ್ದೆ.

ಮೂರು ವಾರವಾದ ಮೇಲೆ ಅಪ್ಪನ ಪರಿಚಯದ ಲಾರಿ ಡ್ರೈವರ್ ಒಬ್ಬ ಮನೆಗೆ ಬಂದ. ಹೊಸ್ತಿಲಲ್ಲೇ ನಿಂತು ಹೇಳಿದ. "ಗುಡೇಕೋಟಿ ದಾಟಿದ ಮ್ಯಾಲ, ಗುಡ್ಡದ ಬುಡದಾಗ ಒಂದು ಒಣ ಹಳ್ಳ ಐತಿ. ಅಲ್ಲಿ ಕಾಲು ಕಡದು ಒಗದಾರ. ಲಾಳ ಇನ್ನೂ ಹಂಗ ಅದಾವು. ನೀನೊಮ್ಮಿ ಬಂದು ನೋಡೋದು ಚಲೋ." ಅಜ್ಜಿ ಪಡಸಾಲೆಯಲ್ಲಿ ಕೂತೇ ಎಲ್ಲವನ್ನೂ ಕೇಳಿದಳು. ಅಪ್ಪ ಅಂಗಿ ಹಾಕಿಕೊಂಡು ಅವನ ಲಾರಿಯಲ್ಲೇ ಹೋದ.

ಬಂದದ್ದು ಮರುದಿನ ಮಧ್ಯಾಹ್ನ. ಅಜ್ಜಿ ಅಷ್ಟು ಹೊತ್ತೂ ಕೂತ ಜಾಗ ಬಿಟ್ಟಿರಲಿಲ್ಲ, ನೀರನ್ನೂ ಕುಡಿದಿರಲಿಲ್ಲ. ಅಪ್ಪನ ಕಣ್ಣು ಊದಿಕೊಂಡಿದ್ದವು. ಅವನು ಖಾಲಿ ಗೂಟದ ಹತ್ತಿರ ಚಪ್ಪಲಿ ಬಿಟ್ಟ, ಮೂರು ವಾರದಲ್ಲಿ ಮೊದಲ ಸಲ ತನ್ನ ತಾಯಿಯ ಮುಖ ನೋಡಿದ.

"ನಮ್ದಲ್ಲಬೇ," ಅಂದ. "ಕತ್ತಿ ಕಾಲು ಅವು."

ಅವ್ವ ತಲೆ ತಗ್ಗಿಸಿದಳು. ಕತ್ತೆಗೆ ಲಾಳ ಹೊಡೆಸುವ ಮನುಷ್ಯ ನಮ್ಮ ಸುತ್ತಿನ ತಾಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ. ಅದು ನನಗೆ ಗೊತ್ತಿತ್ತು, ನಲವತ್ತು ವರ್ಷ ಲದ್ದಿ ಬಳಿದ ಅಜ್ಜಿಗೆ ಗೊತ್ತಿರಲಿಲ್ಲವೇ? ಅವಳು ಮಗನ ಊದಿದ ಕಣ್ಣು ನೋಡಿದಳು.

"ಹೌದೇನು," ಅಂದಳು. "ಪಾಪ, ಯಾರ ಕತ್ತಿಯೋ ಏನೋ."

ಆಮೇಲೆ ಆ ಕತ್ತೆಗಾಗಿ ಅಳಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ ಅತ್ತಳು. ಅಪ್ಪ ಕೈಕಾಲು ತೊಳೆದು ಬಂದು ಅವಳ ಪಕ್ಕ ಕೂತ. ಅವ್ವ ಇಬ್ಬರಿಗೂ ಸೇರಿ ಒಂದೇ ತಟ್ಟೆ ಇಟ್ಟಳು. "ಅಳಬ್ಯಾಡಬೇ, ಯಾರದೋ ಕತ್ತಿ," ಅನ್ನುತ್ತ ಅಪ್ಪ ರೊಟ್ಟಿ ಮುರಿದು ಅವಳ ಕೈಗಿಟ್ಟ.