ಅಚ್ಯುತರು ಅಟ್ಟ ತಂಪು ಮಾಡಿದ್ದು

ಧಾರವಾಡ ಬಿಟ್ಟು ಉತ್ತರದ ನಗರವೊಂದರಲ್ಲಿ ನೆಲೆಸಿದ ಅಚ್ಯುತ, ಅಲ್ಲಿನ ಮಕರಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರುಗಳಿಗೆ ಬಿಸಿ ತಡೆಯುವ ಗಾಜಿನ ನಾರು, ಗ್ಲಾಸ್‌ವುಲ್, ಸುತ್ತಿದವರು. ಅದೇ ನಗರದ ಫತೇಗಂಜ್ ಬಡಾವಣೆಯ ಅವರ ಹಳೆಯ ಮನೆಯ ಅಟ್ಟ ಮಾತ್ರ ತಗಡಿನ ಕೆಳಗೆ ಕಾದ ಬಾಣಲೆಯಾಗಿರುತ್ತಿತ್ತು. ಅಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಸೀತಾ, ಬೇಸಿಗೆ ಬಂದರೆ ಯಂತ್ರವನ್ನು ಅಡುಗೆಮನೆಗೆ ಇಳಿಸುತ್ತಿದ್ದರು. ನಿವೃತ್ತರಾದ ಮೇಲೆ ಅಚ್ಯುತ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ತಗಡಿನಡಿ ತಾವೇ ಗ್ಲಾಸ್‌ವುಲ್ ತುಂಬಿ, ಹಲಗೆ ಹೊಡೆದರು. ವಾರವಿಡೀ ಮೈ ತುರಿಸಿತು.

ಮೇ ತಿಂಗಳ ಒಂದು ಮಧ್ಯಾಹ್ನ ಸೀತಾ ಅನುಮಾನದಿಂದಲೇ ಹತ್ತಿ ಬಂದು ಹಲಗೆಗೆ ಅಂಗೈ ಒತ್ತಿದರು. "ಏನೂ ಸುಡವಲ್ತಲ್ರೀ!"

"ಬಾಯ್ಲರ್ ಬಿಸಿ ಹೊರಗ ಬಿಡಲಿಲ್ಲ, ಬಿಸಲ ಒಳಗ ಬಿಡ್ತೀನೇನು?"

"ಮತ್ತ ಇಷ್ಟ್ ವರ್ಷ ಯಾಕ ಮಾಡ್ಲಿಲ್ಲ?"

ಅಚ್ಯುತ ನಾಚಿ ನಕ್ಕರು. "ದಿನಾ ಮುಟ್ಟೋ ಗ್ಲಾಸ್‌ವುಲ್, ರವಿವಾರಾನೂ ಅದನ್ನ ಮುಟ್ಟೋದು ಬ್ಯಾಡನಸ್ತಿತ್ತು."

ಸೀತಾ ಬೈಯಲಿಲ್ಲ. ಕೆಳಗಿಳಿದು ಕಲ್ಲಂಗಡಿ ಕೊಯ್ದು ತಂದರು. ಇಬ್ಬರೂ ಅಲ್ಲೇ ಕೂತು ಆರಾಮಾಗಿ ತಿಂದರು.