ಒಣಗದ ಬಾವಿ

ನಮ್ಮ ಮೊಮ್ಮಗಳು ಚೈತ್ರ ಎಂ.ಎ. ಪಾಸಾಗಿದ್ದಾಳೆ! ಅಂತರರಾಷ್ಟ್ರೀಯ ಪತ್ರಿಕೋದ್ಯಮದಲ್ಲಿ. ಆ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ವಾರ ಹಿಡಿಯಿತು. ಈಗ ಜರಗನಹಳ್ಳಿಯ ಹಾಲಿನ ಬೂತಿನವನಿಗೂ ಹೇಳಿ ಬಂದಿದ್ದೇನೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವನ ಮನೆಯಲ್ಲಿ ದೂರದೇಶದವರು ಓದುವಂತೆ ಬರೆಯುವ ಹುಡುಗಿ! ಇವತ್ತು ಮೂರು ಸಲ ಕಣ್ಣೊರೆಸಿಕೊಂಡೆ. ಎರಡು ಸಲ ಸಂತೋಷಕ್ಕೆ. ಮೂರನೆಯದರ ಕಾರಣ ಬೇರೆ. ನೀವು ನಮ್ಮವರೇ ಎಂದುಕೊಂಡು ಹೇಳುತ್ತೇನೆ.

ಮಧ್ಯಾಹ್ನ ಸೊಸೆ ಸಂಜೆಯ ಊಟಕ್ಕೆಂದು ಅಟ್ಟದಿಂದ ಹಿತ್ತಾಳೆ ಕೊಡ ಇಳಿಸಿ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಆ ವಾಸನೆಗೇ ನನ್ನ ಮುಖ ಸಪ್ಪಗಾಯಿತು. ನಮ್ಮ ಹಿತ್ತಲಿನಲ್ಲಿ ಒಂದು ಬಾವಿಯಿತ್ತು. ನಲ್ಲಿ ಬರುವವರೆಗೆ ಬೀದಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು, ಆಮೇಲೆ ಯಾರೂ ಇಣುಕಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಮಗ ಬೇರೆ ಊರಲ್ಲಿ ಕೆಲಸಕ್ಕಿದ್ದಾಗ, ಅದನ್ನು ಮುಚ್ಚಿಸಿ ಬಾಡಿಗೆ ಮನೆ ಕಟ್ಟಿಸಿದೆ. ಒಣಗಿಹೋಗಿತ್ತು, ಏನು ಮಾಡಲಿ, ಎಂದು ಅಂದಿನಿಂದ ಹೇಳುತ್ತಾ ಬಂದೆ. ಹೇಳಿ ಹೇಳಿ ನಿಟ್ಟುಸಿರು ಕೂಡ ಸರಿಯಾದ ಜಾಗಕ್ಕೆ ತಾನೇ ಬಂದು ಕೂರುತ್ತಿತ್ತು. ಎದುರು ಮನೆಯ ಪುಟ್ಟಕ್ಕ ಒಬ್ಬಳೇ “ನೀರಿತ್ತಲ್ಲಯ್ಯ” ಎನ್ನುತ್ತಿದ್ದಳು. ಅವಳಿಗೆ ಮರೆವು ಎಂದು ನಾನು ನಕ್ಕುಬಿಡುತ್ತಿದ್ದೆ. ಬೀದಿ ನನ್ನನ್ನೇ ನಂಬಿತು.

ಚೈತ್ರ ಕೊನೆಯ ವರ್ಷದ ವರದಿಗೆ ಬೆಂಗಳೂರಿನ ಬಾವಿಗಳನ್ನು ಆರಿಸಿಕೊಂಡಳು. ಮಾತು ರೆಕಾರ್ಡ್ ಮಾಡಲು ಮೊದಲು ನನ್ನ ಮುಂದೆಯೇ ಫೋನ್ ಇಟ್ಟಳು. ನಿಟ್ಟುಸಿರಿನ ಸಮೇತ ಕಥೆ ಹೇಳಿದೆ. ಅವಳು ಎದ್ದವಳೇ ನೇರ ಪುಟ್ಟಕ್ಕನ ಮನೆಗೆ ಹೋದಳು! ಒಬ್ಬರ ಮಾತು ಸಾಲದು, ಇನ್ನೊಬ್ಬರನ್ನೂ ಕೇಳಬೇಕಂತೆ. ಮೊದಲನೆಯವರು ಸ್ವಂತ ತಾತನಾದರೆ ಇನ್ನೂ ಜಾಸ್ತಿ ಕೇಳಬೇಕಂತೆ.

ಮಾರನೆಯ ದಿನ ನಮ್ಮದೇ ಆಲ್ಬಮ್ಮಿನ ಫೋಟೊ ಹಿಡಿದು ಬಂದಳು. ಬಾವಿ ಮುಚ್ಚುವ ಮೊದಲು ನಾನು ಮಾಡಿಸಿದ ಗಂಗೆಪೂಜೆ; ಕಟ್ಟೆಯ ಮೇಲೆ ನೀರು ತುಂಬಿದ ಇದೇ ಹಿತ್ತಾಳೆ ಕೊಡ.

“ತಾತ, ಒಣಗಿದ್ ಬಾವೀಲಿ ಈ ಕೊಡ ಹೆಂಗೆ ತುಂಬ್ತು?”

“ನಲ್ಲಿ ನೀರಮ್ಮ.”

“ಹಗ್ಗ ಒದ್ದೆ ಇದೆ ನೋಡು. ಕಲ್ಲು ಸುರಿದಾಗ ನೀರು ಮೇಲಕ್ಕೆ ಹಾರ್ತು ಅಂತ ಪುಟ್ಟಜ್ಜಿ ಅಂತಾರೆ.”

“ಅನ್ನ ಹಾಕಿದ್ ತಾತನ್ ಮೇಲೇ ಬರೀತೀಯೇನೇ?” ಎಂದು ರೇಗಿದೆ.

“ನಿನ್ ಮೇಲೆ ಯಾರಾದ್ರೂ ಏನಾದ್ರೂ ಅಂದ್ರೆ ನಿನ್ನ ಕೇಳ್ದೆ ಬರೀಬಾರ್ದು. ಅದಕ್ಕೇ ಕೇಳ್ತಿದೀನಿ. ಓದೋರು ಎಲ್ಲೋ ಇರ್ತಾರೆ ತಾತ. ಅವರು ಇಲ್ಲಿಗ್ ಬಂದು ಇಣುಕಿ ನೋಡಕ್ಕಾಗಲ್ಲ. ನಾನ್ ಹೇಳಿದ್ದೇ ಅವರಿಗೆ ನಿಜ.”

ಜಗಳವಾಡಿದ್ದರೆ ಗೆದ್ದುಬಿಡುತ್ತಿದ್ದೆ. ಅವಳು ಸುಮ್ಮನೆ ಕಾದಳು. ಕಾಯುವುದನ್ನೂ ಆ ಕಾಲೇಜಿನಲ್ಲಿ ಕಲಿಸುತ್ತಾರೋ ಏನೋ.

“ಇತ್ತು” ಎಂದೆ.

“ಎಷ್ಟು?” ಬಿಡಲೇ ಇಲ್ಲ ಮಹಾರಾಯಿತಿ!

“ಎರಡಾಳುದ್ದ.”

ಹಾಗೆಯೇ ಬರೆದಳು, ಒಂದು ಮಾತೂ ಕೂಡಿಸಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇನ್ನೂ ಅದನ್ನು ಓದಿರಲಿಲ್ಲ. “ಅವರಿಗೆ ಹೇಳೋದು ನನ್ ಕೆಲ್ಸ ಅಲ್ಲ ತಾತ, ನಿಂದು” ಎಂದಿದ್ದಳು. ತಿಂಗಳುಗಟ್ಟಲೆ ಬಾಯಿ ಬರಲಿಲ್ಲ ನನಗೆ. ಅವಳು ಒಮ್ಮೆಯೂ ನೆನಪಿಸಲಿಲ್ಲ. ನನ್ನ ತಟ್ಟೆಗೆ ಮುದ್ದೆ ಹಾಕುವಾಗಲೂ ಮೊದಲಿನ ಹಾಗೆಯೇ ನಗುತ್ತಿದ್ದಳು. ನಾನೇ ತಲೆ ಎತ್ತುತ್ತಿರಲಿಲ್ಲ.

ಇವತ್ತು ಕೊಡ ಕಂಡ ಮೇಲೆ ತಡೆಯಲಾಗಲಿಲ್ಲ. ಪುಟ್ಟಕ್ಕನನ್ನು ಊಟಕ್ಕೆ ಕರೆಯಲು ನಾನೇ ಹೋದೆ.

“ಏನಯ್ಯಾ, ಮರೆವಿನ್ ಮುದುಕಿ ಜ್ಞಾಪಕ ಬಂದ್ಳಾ?” ಎಂದಳು. “ಊಟಕ್ಕೆ ಬಾ ಅಕ್ಕ” ಎಂದೆ.

ಸಂಜೆ ಎಲ್ಲರೂ ಸಾಲಾಗಿ ಎಲೆಯ ಮುಂದೆ ಕೂತೆವು. ಕೊಡದಲ್ಲಿ ಕ್ಯಾನ್ ನೀರು. ಪುಟ್ಟಕ್ಕ ಒಂದು ಗುಟುಕು ಕುಡಿದು ಮುಖ ಕಿವಿಚಿದಳು. “ನಿಮ್ ಬಾವಿ ನೀರು ಎಷ್ಟು ಸಿಹಿ ಇತ್ತು!”

“ಅದು ಒಣಗೋಗಿತ್ತಲ್ಲ ದೊಡ್ಡಮ್ಮ” ಎಂದ ನನ್ನ ಮಗ.

ಚೈತ್ರ ತನ್ನ ಎಲೆಯನ್ನೇ ನೋಡುತ್ತಿದ್ದಳು.

“ಒಣಗಿರ್ಲಿಲ್ಲ ಕಣೋ” ಎಂದೆ. “ನೀರಿರೋ ಬಾವೀನೇ ಮುಚ್ಚಿಸ್ದೆ. ಪುಟ್ಟಕ್ಕ ಹೇಳ್ತಿದ್ದಿದ್ದೇ ನಿಜ.”

ಆಗಲೇ ನಾನು ಮೂರನೇ ಸಲ ಕಣ್ಣೊರೆಸಿಕೊಂಡದ್ದು. ಆಮೇಲೆ ಪುಟ್ಟಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು, ಸೊಸೆಯತ್ತ ತಿರುಗಿ, “ಹೋಳಿಗೆ ಮೇಲೆ ಒಂದಿಷ್ಟು ತುಪ್ಪ ಬಿಡಮ್ಮ” ಎಂದಳು. ಎಲ್ಲರೂ ಉಣ್ಣತೊಡಗಿದೆವು.